ಕೆಲಸ ಕಲಿಸುವ ದುಡ್ಡು ಕೆಲಸದ ಜಾಗಕ್ಕೆ ಬರಲಿ

(ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಅಂಗವಿಕಲ ಮಕ್ಕಳ ಮಾತು ಬಂದರೆ ನಾವು ಮರುಗುತ್ತೇವೆ. ಹಬ್ಬದ ದಿನ ಬಟ್ಟೆ ಹಂಚುತ್ತೇವೆ. ಮರುದಿನ ಆ ಹುಡುಗ ಮತ್ತೆ ಮನೆಯ ಕಟ್ಟೆಯ ಮೇಲೆ. ನಾನು ಇಂದು ಹೇಳಬೇಕೆಂದಿರುವುದು ಮರುಕದ ಮಾತಲ್ಲ, ದುಡ್ಡಿನ ಮಾತು. ಇಂಥ ತರುಣರನ್ನು ದುಡಿಮೆಗೆ ಅಣಿಮಾಡಲೆಂದು ಸರ್ಕಾರ ಅನುದಾನ ಕೊಡುತ್ತದೆ. ಅದು ನಿಮ್ಮ ತೆರಿಗೆಯ ಹಣ. ಲೆಕ್ಕ ಕೇಳುವ ಹಕ್ಕು ನಿಮ್ಮದು.

2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರು 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, 15 ವರ್ಷ ತುಂಬಿದ ಅಂಗವಿಕಲರಲ್ಲಿ ದುಡಿಮೆ ಇದ್ದವರು ನೂರಕ್ಕೆ 23 ಮಂದಿಯೂ ಇಲ್ಲ. ಉಳಿದವರನ್ನು ಸಾಕುತ್ತಿರುವವರು ಯಾರು? ಅವರ ತಂದೆ ತಾಯಿಗಳು, ಅಣ್ಣ ತಮ್ಮಂದಿರು; ಅಂದರೆ ನಿಮ್ಮಂಥವರೇ.

ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡುತ್ತದೆ; ಸರ್ಕಾರಿ ನೌಕರಿಯಲ್ಲಿ ನೂರಕ್ಕೆ 4 ಸ್ಥಾನ ಕಾಯ್ದಿರಿಸುತ್ತದೆ. ಆದರೆ ಸರ್ಕಾರಿ ನೌಕರಿ ಎಷ್ಟು ಜನಕ್ಕೆ ಸಿಕ್ಕೀತು? ಖಾಸಗಿ ಮಾಲೀಕರ ವಿಷಯ ಬಂದೊಡನೆ ಕಾನೂನಿನ ದನಿ ತಗ್ಗುತ್ತದೆ. ನೂರಕ್ಕೆ 5 ಮಂದಿ ಅಂಗವಿಕಲರನ್ನು ನೇಮಿಸಿಕೊಳ್ಳುವಂತೆ, ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಪ್ರೋತ್ಸಾಹ ಕೊಡಬೇಕೆಂದು ಮಾತ್ರ ಅದು ಹೇಳುತ್ತದೆ.

ಇನ್ನು ತರಬೇತಿ. 2015ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಂಗವಿಕಲರ ಕೌಶಲ ತರಬೇತಿಗೆ ರಾಷ್ಟ್ರೀಯ ಯೋಜನೆಯೊಂದನ್ನು ಸಾರಿತು. ಮೊದಲ ಮೂರು ವರ್ಷಗಳಲ್ಲಿ 5 ಲಕ್ಷ ಜನರಿಗೆ ತರಬೇತಿ ಎಂಬ ಗುರಿ. ಅದೇ ವರ್ಷ ಕೇಂದ್ರದ ಕೌಶಲ ಯೋಜನೆಗಳಿಗೆ ಹಾಕಿಕೊಟ್ಟ ಸಾಮಾನ್ಯ ನಿಯಮ ನೋಡಿ: ತರಬೇತಿ ಸಂಸ್ಥೆಗೆ ನೂರು ರೂಪಾಯಿಯಲ್ಲಿ 30 ಆರಂಭದಲ್ಲಿ, 50 ಪ್ರಮಾಣಪತ್ರ ಬಂದಾಗ, 20 ಮಾತ್ರ ಕೆಲಸ ಸಿಕ್ಕಿದ ಲೆಕ್ಕದ ಮೇಲೆ. ಸಂಸ್ಥೆಗೆ ಬಾಡಿಗೆ, ಸಂಬಳದ ಖರ್ಚು ಇದೆ, ಒಪ್ಪೋಣ. ಆದರೂ ಎಂಬತ್ತು ರೂಪಾಯಿ ಮುಂಗಡ ಪಡೆದ ದರ್ಜಿ ಅಂಗಿ ಯಾವಾಗ ಕೊಟ್ಟಾನು, ವರ್ತಕ ಮಿತ್ರರೇ ಹೇಳಲಿ!

ಪ್ರಮಾಣಪತ್ರ ಕೈಗೆ ಬಂದರೆ ಕೆಲಸ ಬಂದಂತಲ್ಲ. ಕಿವುಡ ಹುಡುಗ ನೂಲು ಕಡಿದುದನ್ನು ಕಣ್ಣಿನಿಂದಲೇ ಹಿಡಿಯಬಲ್ಲ. ಆದರೆ ಅದನ್ನು ಕಲಿಯುವುದು ಮಗ್ಗದ ಬಳಿ ನಿಂತು, ಕೈಸನ್ನೆಯಲ್ಲಿ ಹೇಳಿಕೊಡುವ ಜೊತೆಗಾರನಿಂದ. ನಡೆಯಲಾರದ ಹುಡುಗಿ ಅಂಗಡಿಯ ಖಾತೆ ಬರೆಯಬಲ್ಲಳು; ಆದರೆ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಬೇಕು. ಆ ಜೊತೆಗಾರನ ವೇಳೆಗೆ, ಆ ಇಳಿಜಾರಿಗೆ ಅನುದಾನ ಬರಬೇಕು. ಅದೂ ಶಾಲೆ ಮುಗಿದು ಕಟ್ಟೆ ಸೇರಿದ ಮೇಲಲ್ಲ, ಶಾಲೆಯಲ್ಲಿರುವಾಗಲೇ.

ಇದು ಆಗದ ಮಾತಲ್ಲ. ಅಮೆರಿಕದ 2014ರ ಕಾನೂನಿನಂತೆ, ಅಲ್ಲಿನ ರಾಜ್ಯಗಳು ಉದ್ಯೋಗ ಪುನರ್ವಸತಿಗೆಂದು ಪಡೆಯುವ ಕೇಂದ್ರದ ಅನುದಾನದಲ್ಲಿ ನೂರಕ್ಕೆ 15ನ್ನಾದರೂ ಅಂಗವಿಕಲ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಅಣಿಮಾಡಲು ತೆಗೆದಿಡಬೇಕು. ಕೆಲಸದ ಅನುಭವ ಕೊಡಿಸುವುದು ಅದರ ಒಂದು ಅಂಗ. ತನಗೆ ಬೇಕಾದುದನ್ನು ತಾನೇ ಕೇಳಲು ಕಲಿಸುವುದು ಇನ್ನೊಂದು. ಅಲ್ಲಿಯೂ ಹಲವು ರಾಜ್ಯಗಳು ಆ ಹಣವನ್ನು ಪೂರ್ತಿ ಖರ್ಚು ಮಾಡಲಿಲ್ಲ. ಹಣ ತೆಗೆದಿಟ್ಟರೆ ಸಾಲದು, ಬಳಸುವ ಜನ ಬೇಕು.

ಕಾರ್ಮಿಕ ಬಂಧುಗಳಿಗೆ ಒಂದು ಎಚ್ಚರಿಕೆ. 1948ರ ಕನಿಷ್ಠ ವೇತನ ಕಾನೂನು, ಅಂಗವಿಕಲ ನೌಕರರ ವೇತನಕ್ಕೆ ಈ ಕಾನೂನು ಅನ್ವಯಿಸದೆಂದು ಆಜ್ಞೆ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಕಲಿಕೆಯ ಹೆಸರಿನಲ್ಲಿ ಅರ್ಧ ಕೂಲಿಯ ಆಳುಗಳು ಹುಟ್ಟಿಕೊಂಡರೆ ಅವರಿಗೂ ಕೇಡು, ನಿಮ್ಮ ಕೂಲಿಗೂ ಕೇಡು. ಕಲಿಯುವ ಅವಧಿ ಇಷ್ಟೇ ತಿಂಗಳು ಎಂದು ಗೊತ್ತಾಗಲಿ. ಮುಗಿದ ದಿನದಿಂದ ಪೂರ್ಣ ಕೂಲಿ.

ನಾವು ಮಾಡಬೇಕಾದುದು ಏನು? ನಮ್ಮ ರಾಜ್ಯದಲ್ಲಿ ನಗರಸಭೆ, ಪಂಚಾಯತಿಗಳು ತಮ್ಮ ನಿಧಿಯಲ್ಲಿ ನೂರಕ್ಕೆ 5ನ್ನು ಅಂಗವಿಕಲರಿಗೆ ತೆಗೆದಿಡಬೇಕೆಂಬ ನಿಯಮವಿದೆ. ಸಂಘದಿಂದ ನಾಲ್ವರು, ವರ್ತಕರಿಂದ ನಾಲ್ವರು ಕೂಡಿ ಹೋಗಿ, ಕಳೆದ ವರ್ಷ ಆ ಹಣ ಯಾವುದಕ್ಕೆ ಹೋಯಿತೆಂದು ಲಿಖಿತ ಉತ್ತರ ಕೇಳಿರಿ. ಹೋಗುವಾಗ ಒಂದು ಪಟ್ಟಿಯೂ ಕೈಯಲ್ಲಿರಲಿ: ಯಾವ ಅಂಗಡಿ, ಯಾವ ಖಾತೆ, ಎಷ್ಟು ಹುಡುಗ ಹುಡುಗಿಯರಿಗೆ ಕೆಲಸ ಕಲಿಸಲು ಸಿದ್ಧ ಎಂದು. ಬರಿಗೈಯಲ್ಲಿ ಕೇಳುವವನಿಗೆ ಕಚೇರಿ ನಾಳೆ ಬಾ ಎನ್ನುತ್ತದೆ. ಪಟ್ಟಿ ಹಿಡಿದು ನಿಂತವರಿಗೆ ಹಾಗೆನ್ನುವುದು ಅಷ್ಟು ಸುಲಭವಲ್ಲ.

ಆ ಪಟ್ಟಿಯ ಮೊದಲ ಹೆಸರು ಇಂದೇ, ಈ ಸಭೆಯಲ್ಲೇ ಬರೆಯಲ್ಪಡಲಿ.