ಯಾರ ಮೈಮೇಲೆ, ಯಾರ ದನಿ



ಸೋಮವಾರ ಅಮಾವಾಸ್ಯೆ ಕೂಡಿ ಬಂತೆಂದರೆ, ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಯ ಬೆಟ್ಟ ಅರಿಸಿನದಲ್ಲಿ ಮುಳುಗಿಬಿಡುತ್ತದೆ. ಅಂದು ಅಲ್ಲಿಯ ದೈವ ಖಂಡೋಬನ ಪಲ್ಲಕ್ಕಿ ಬೆಟ್ಟದ ಕೋಟೆಯಿಂದಿಳಿದು ಸ್ನಾನಕ್ಕೆಂದು ಕರ್ಹಾ ನದಿಗೆ ಹೊರಡುತ್ತದೆ. ದಾರಿಯುದ್ದಕ್ಕೂ ಜನ ಬೊಗಸೆ ತುಂಬ ಭಂಡಾರ ತೂರುತ್ತಾರೆ. 'ಯೇಳಕೋಟ ಯೇಳಕೋಟ ಜೈ ಮಲ್ಹಾರ' ಎಂಬ ಕೂಗು ಕೇಳಿದರೆ ಮೈಲಾರದ ಜಾತ್ರೆ ಕಂಡ ಕನ್ನಡಿಗರಿಗೆ 'ಏಳುಕೋಟಿ' ನೆನಪಾಗದೆ ಇರದು. ಆ ನೂಕುನುಗ್ಗಲಿನ ನಡುವೆ ಯಾರದೋ ಮೈ ನಡುಗತೊಡಗುತ್ತದೆ. ತುರುಬು ಬಿಚ್ಚಿಹೋಗುತ್ತದೆ, ಕಣ್ಣು ಎಲ್ಲೋ ನೆಟ್ಟುಬಿಡುತ್ತದೆ, ಗಂಟಲಿನಿಂದ ಬೇರೆಯದೇ ದನಿ ಹೊರಡುತ್ತದೆ. ಸುತ್ತಲಿನವರು ಹೆದರಿ ಓಡುವುದಿಲ್ಲ. ಜಾಗ ಬಿಟ್ಟು ಕೈಮುಗಿಯುತ್ತಾರೆ, ಹಣೆಗೆ ಭಂಡಾರ ಹಚ್ಚುತ್ತಾರೆ. ಮರಾಠಿಯವರು ಇದನ್ನು 'ಅಂಗಾತ್ ಯೇಣೆ' ಎನ್ನುತ್ತಾರೆ. ನಮ್ಮಲ್ಲಿ ಮೈಮೇಲೆ ಬರುವುದು, ಮೈದುಂಬುವುದು.

ಮನುಷ್ಯನ ಬಾಯಿಂದ ಬೇರೊಂದು ಲೋಕ ಮಾತಾಡುತ್ತದೆ ಎಂಬ ನಂಬಿಕೆಯ ಇತಿಹಾಸವೇ ಇಂದಿನ ನನ್ನ ವಿಷಯ. ಈ ಇತಿಹಾಸವನ್ನು ಬರೆದವರು ಹೆಚ್ಚಾಗಿ ಅಮೆರಿಕದ ಒಂದು ಮನೆಯಿಂದ ಆರಂಭಿಸುತ್ತಾರೆ. ನಾನು ಜೇಜುರಿಯಿಂದ ಆರಂಭಿಸುತ್ತಿದ್ದೇನೆ. ಇಲ್ಲಿಯ ಕತೆ ಹೆಚ್ಚು ಹಳೆಯದು, ನಮಗೆ ಹೆಚ್ಚು ಹತ್ತಿರದ್ದು, ಮತ್ತು ನನ್ನ ಮಟ್ಟಿಗೆ ಹೆಚ್ಚು ಆಳವಾದದ್ದು.

ಖಂಡೋಬ ಅಂದರೆ ನಮ್ಮ ಮೈಲಾರಲಿಂಗನೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರು ಬಳಿಯ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿ, ಬೀದರ್ ಜಿಲ್ಲೆಯ ಆದಿಮೈಲಾರ, ಆಮೇಲೆ ಜೇಜುರಿ, ಹೀಗೆ ಒಂದೇ ದೈವ ಎರಡು ನಾಡಿನಲ್ಲಿ ಹರಡಿಕೊಂಡಿದೆ. ಮಹಾರಾಷ್ಟ್ರದಲ್ಲಿ ಲಿಂಗಾಯತ ವಾಣಿಯ ಮಗಳು ಮ್ಹಾಳಸಾ ಮತ್ತು ಕುರಿಗಾಹಿ ಧನಗರ ಹೆಣ್ಣು ಬಾಣಾಯಿ ಇಬ್ಬರು ಮಡದಿಯರು. ಇಲ್ಲಿ ಗಂಗಿಮಾಳವ್ವ, ಕುರುಬತ್ತೆವ್ವ. ಅಲ್ಲಿಯ ಭಕ್ತ ವಾಘ್ಯಾ ದೇವರ ನಾಯಿಯೆಂದು ತನ್ನನ್ನು ಕರೆದುಕೊಳ್ಳುತ್ತಾನೆ. ಇಲ್ಲಿಯ ಗೊರವಯ್ಯ ಕರಿಕಂಬಳಿ ಹೊದ್ದು, ಡಮರುಗ ಹಿಡಿದು, ದೋಣಿಯೆಂಬ ಪಾತ್ರೆಯಲ್ಲಿ ಹಾಕಿದ ಎಡೆಯನ್ನು ನಾಯಿಯಂತೆ ಬೊಗಳುತ್ತ ಉಣ್ಣುತ್ತಾನೆ. ಕಬ್ಬಿಣದ ಸರಪಳಿ ಹರಿಯುವ ಪವಾಡ ಎರಡೂ ಕಡೆ ಇದೆ.

ಹನ್ನೆರಡನೆಯ ಶತಮಾನದ ಜೈನಕವಿ ಬ್ರಹ್ಮಶಿವ ತನ್ನ 'ಸಮಯಪರೀಕ್ಷೆ'ಯಲ್ಲಿ ಮೈಲಾರನ ಬಗ್ಗೆ ಕುತೂಹಲದ ಮಾತೊಂದನ್ನು ಹೇಳುತ್ತಾನೆ. ವಿದ್ಯೆಯಿಂದ, ಪರಾಕ್ರಮದಿಂದ ನಾಡನ್ನು ನಡುಗಿಸಿದ ಒಬ್ಬ ಜೈನ, ಸತ್ತ ಮೇಲೆ ತನ್ನನ್ನು ಮೈಲಾರನೆಂದು ಪೂಜಿಸಿರಿ ಎಂದು ಜನರಿಗೆ ಹೇಳಿದನಂತೆ. ಬ್ರಹ್ಮಶಿವ ಅನ್ಯಮತಗಳನ್ನು ಖಂಡಿಸಲು ಕೂತವನು, ಆದ್ದರಿಂದ ಈ ಮಾತನ್ನು ಇತಿಹಾಸವೆಂದು ಹಿಡಿಯಲಾಗದು. ಆದರೂ ಸತ್ತವನೊಬ್ಬ ದೇವರಾಗಿ ಜನರ ನಡುವೆ ಉಳಿಯಬಲ್ಲ ಎಂಬ ಯೋಚನೆ ಆಗಲೇ ಈ ಮಣ್ಣಿನಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ. ಜೇಜುರಿ ಇರುವ ಪುರಂದರ ತಾಲ್ಲೂಕಿನಲ್ಲೇ ವೀರ್ ಎಂಬ ಊರಿದೆ. ಅಲ್ಲಿಯ ದೈವ ಮ್ಹಸ್ಕೋಬ. ಧನಗರರ ನಡುವೆ ವರ್ಷಗಟ್ಟಲೆ ಓಡಾಡಿದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಈ ಮ್ಹಸ್ಕೋಬನನ್ನು ದೆವ್ವ ಮತ್ತು ದೇವರ ನಡುವಿನ ದೈವವೆಂದು ಗುರುತಿಸಿದರು. 1992ರಲ್ಲಿ ತೀರಿಕೊಂಡ ಅವರಷ್ಟು ಪ್ರೀತಿಯಿಂದ ದಖ್ಖನಿನ ಕುರಿಗಾಹಿ ದೈವಗಳ ಬಗ್ಗೆ ಬರೆದ ಹೊರಗಿನವರು ವಿರಳ.

ದೆವ್ವ ಮತ್ತು ದೇವರ ನಡುವಿನ ಈ ಗೆರೆ ಜೇಜುರಿಯ ಭಕ್ತರಿಗೆ ತೀರ ಮುಖ್ಯ. ಖಂಡೋಬನ ಜಾತ್ರೆಗಳನ್ನು ಅಧ್ಯಯನ ಮಾಡಿದ ಜಾನ್ ಸ್ಟ್ಯಾನ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ದೇವರು ಬರುವುದು ಅಂಗಾತ್ ಯೇಣೆ, ಅದು ಬೇಕಾದದ್ದು. ದೆವ್ವ ಹಿಡಿಯುವುದು ಭೂತಬಾಧಾ, ಅದು ಬಿಡಿಸಬೇಕಾದದ್ದು. ಹೊರಗಿನಿಂದ ನೋಡಿದರೆ ಎರಡರಲ್ಲೂ ಅದೇ ನಡುಕ, ಅದೇ ಕೂಗು. ಆದರೆ ಒಂದಕ್ಕೆ ಕೈಮುಗಿಯುತ್ತಾರೆ, ಇನ್ನೊಂದಕ್ಕೆ ಮದ್ದು ಹುಡುಕುತ್ತಾರೆ. ನಮ್ಮ ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದಲೂ ಜನ ಭೂತಬಾಧೆಯವರನ್ನು ಕರೆತರುವುದು ಈ ಎರಡನೆಯ ಕಾರಣಕ್ಕೆ. ಬಂದದ್ದು ಯಾವುದು ಎಂದು ತೀರ್ಮಾನಿಸುವವರು ಮೈಮೇಲೆ ಬಂದವರಲ್ಲ. ಮನೆಯವರು, ಗುರುಗಳು, ನೆರೆದ ಊರು ಕೂಡಿ ಪ್ರಶ್ನೆ ಕೇಳುತ್ತಾರೆ: ನೀನು ಯಾರು, ಯಾಕೆ ಬಂದೆ, ಏನು ಬೇಕು? ಉತ್ತರ ಒಪ್ಪಿಗೆಯಾಗದಿದ್ದರೆ ದೇವರೆಂದು ನಂಬುವುದಿಲ್ಲ.

ಇದೇ ಪರಂಪರೆಯ ಅತ್ಯಂತ ಬಿಗಿಯಾದ ರೂಪ ನಮ್ಮ ಕಾರಣಿಕ, ಅಂದರೆ ದೈವದ ಭವಿಷ್ಯನುಡಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಕಣಮರಡಿಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. 11 ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಆಕಾಶ ನೋಡಿ, 'ಸದ್ದಲೇ' ಎಂದು ಗುಡುಗುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಗೇ ಮೌನವಾಗುತ್ತದೆ. ಆಗ ಒಂದೇ ಒಂದು ನುಡಿ ಬೀಳುತ್ತದೆ, ಅವನೂ ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದ ಗೊರವರು ಹಿಡಿದುಕೊಳ್ಳುತ್ತಾರೆ. ಮಳೆ ಬೆಳೆಯೋ ರಾಜಕಾರಣವೋ ರೋಗರುಜಿನವೋ, ಅರ್ಥ ಹಚ್ಚುವುದು ಕೇಳಿದವರ ಪಾಲು, ಆ ಚರ್ಚೆ ಊರೂರಿನ ಕಟ್ಟೆಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ದೇವರಗುಡ್ಡದಲ್ಲಿ ಇದು ಮಹಾನವಮಿಯ ಹೊತ್ತಿಗೆ. ವೀರ್‌ನಲ್ಲೂ ಕೊಲ್ಲಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲೂ ಇದಕ್ಕೆ ಭಾಕಣೂಕ ಎನ್ನುತ್ತಾರೆ.

ಇನ್ನು ಅಮೆರಿಕದ ಮನೆಗೆ ಹೋಗೋಣ. 1848ರ ಮಾರ್ಚ್ 31. ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಕುಟುಂಬದ ಹುಡುಗಿಯರಾದ ಮಾರ್ಗರೆಟ್ ಮತ್ತು ಕೇಟ್, ಗೋಡೆಯಲ್ಲಿ ಕೇಳುವ ಟಕಟಕ ಸದ್ದು ಸತ್ತವನೊಬ್ಬನ ಉತ್ತರ ಎಂದರು. ಕೆಲವೇ ವರ್ಷಗಳಲ್ಲಿ ಮೇಜಿನ ಸುತ್ತ ಕತ್ತಲಲ್ಲಿ ಕೂತು ಸತ್ತವರನ್ನು ಕರೆಯುವುದು ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಹಬ್ಬಿತು. ಫ್ರಾನ್ಸಿನಲ್ಲಿ ಅಲನ್ ಕಾರ್ಡೆಕ್ 1857ರಲ್ಲಿ ಆತ್ಮಗಳ ಗ್ರಂಥವನ್ನೇ ಪ್ರಕಟಿಸಿದ. ಹೆಂಗಸರು ಸಭೆಯಲ್ಲಿ ಮಾತಾಡುವುದು ಅಪರೂಪವಾಗಿದ್ದ ಆ ಕಾಲದಲ್ಲಿ, ಹದಿಹರೆಯದ ಕೋರಾ ಹ್ಯಾಚ್‌ನಂಥ ಹುಡುಗಿಯರು ಆತ್ಮ ತಮ್ಮ ಮೂಲಕ ಮಾತಾಡುತ್ತಿದೆ ಎಂದು ವೇದಿಕೆ ಏರಿದರು. ಗುಲಾಮಗಿರಿಯ ವಿರುದ್ಧ, ಹೆಣ್ಣಿನ ಹಕ್ಕಿನ ಪರ ಭಾಷಣಗಳು ಆ ವೇದಿಕೆಗಳಿಂದ ಬಂದವು. 1872ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ವಿಕ್ಟೋರಿಯಾ ವುಡ್‌ಹಲ್ ಕೂಡ ಆತ್ಮಗಳ ಜೊತೆ ಮಾತಾಡುವ ಈ ಚಳವಳಿಯವರೇ. ತನ್ನ ಹೆಸರಿನಲ್ಲಿ ಆಡಲಾಗದ ಮಾತನ್ನು ಇನ್ನೊಬ್ಬರ ಹೆಸರಿನಲ್ಲಿ ಆಡುವುದು ಸಾಧ್ಯವಾದಾಗ ಹೆಣ್ಣಿಗೆ ಸಿಗುವ ಬಲ ಸಣ್ಣದಲ್ಲ.

ಇಂಥ ಕೂಟಗಳಲ್ಲಿ ಮೇಜು ತಾನಾಗಿ ಅಲುಗುತ್ತದೆ ಎನ್ನುತ್ತಿದ್ದರು. 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಒಂದು ಸರಳ ಉಪಕರಣ ಮಾಡಿ, ಮೇಜನ್ನು ನೂಕುವುದು ಕೂತವರ ಕೈಗಳೇ ಎಂದು ತೋರಿಸಿದ. ಅದರಲ್ಲಿ ನನ್ನ ಮನಸ್ಸು ಹಿಡಿದದ್ದು ಇನ್ನೊಂದು ಅಂಶ: ಆ ಜನ ಮೋಸ ಮಾಡುತ್ತಿರಲಿಲ್ಲ. ತಾವು ನೂಕುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ನಂಬಿಕೆ, ಕಾತರ, ಜೊತೆಗೆ ಕೂತವರ ನಿರೀಕ್ಷೆ ಇವು ಸ್ನಾಯುವಿನ ಮಟ್ಟಕ್ಕೆ ಇಳಿದು ಕೆಲಸ ಮಾಡುತ್ತವೆ. ಜೇಜುರಿಯ ಬೆಟ್ಟದಲ್ಲಿ ದಿಮಡಿ ವಾದ್ಯದ ಬಡಿತ, ಉಪವಾಸ, ಅರಿಸಿನದ ವಾಸನೆ, ಬಾಲ್ಯದಿಂದ ಕಂಡ ನೋಟಗಳು ಕೂಡಿ ಒಬ್ಬಳ ಮೈಯನ್ನು ನಡುಗಿಸಿದರೆ ಆಕೆಯನ್ನು ವಂಚಕಿ ಎನ್ನುವುದು ಅನ್ಯಾಯ. ವಂಚನೆ ಇಲ್ಲವೆಂದಲ್ಲ. 1888ರಲ್ಲಿ ಮಾರ್ಗರೆಟ್ ಫಾಕ್ಸ್ ನ್ಯೂಯಾರ್ಕಿನ ವೇದಿಕೆಯಲ್ಲಿ ನಿಂತು, ಆ ಟಕಟಕ ತನ್ನ ಕಾಲ್ಬೆರಳ ಕೀಲಿನ ಸದ್ದು ಎಂದು ತೋರಿಸಿದಳು. ಮರುವರ್ಷ ಆ ಮಾತನ್ನೇ ಹಿಂತೆಗೆದುಕೊಂಡಳು. ಕೆಲವೇ ವರ್ಷಗಳಲ್ಲಿ ಅಕ್ಕತಂಗಿಯರಿಬ್ಬರೂ ಬಡತನದಲ್ಲಿ ತೀರಿಕೊಂಡರು. ಚಳವಳಿ ಮಾತ್ರ ನಿಲ್ಲಲಿಲ್ಲ. ಮೊದಲ ಮಹಾಯುದ್ಧ ಲಕ್ಷಾಂತರ ಮನೆಗಳಿಂದ ಮಕ್ಕಳನ್ನು ಕಿತ್ತುಕೊಂಡಾಗ ಅದಕ್ಕೆ ಹೊಸ ಜೀವ ಬಂತು. ಭೌತವಿಜ್ಞಾನಿ ಆಲಿವರ್ ಲಾಡ್ಜ್ 1915ರಲ್ಲಿ ಯುದ್ಧಭೂಮಿಯಲ್ಲಿ ಮಡಿದ ಮಗ ರೇಮಂಡನ ಜೊತೆ ಮಾತಾಡಿದೆನೆಂದು ಮರುವರ್ಷವೇ ಪುಸ್ತಕ ಬರೆದರು.

ಈ ಅಲೆ ನಮ್ಮ ನೆಲಕ್ಕೂ ಬಂತು. ನ್ಯೂಯಾರ್ಕಿನಲ್ಲಿ 1875ರಲ್ಲಿ ಥಿಯಾಸಫಿಕಲ್ ಸೊಸೈಟಿ ಕಟ್ಟಿದ ಮೇಡಂ ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಓಲ್ಕಾಟ್ ಪರಸ್ಪರ ಪರಿಚಯವಾದದ್ದೇ ಅಂಥ ಆತ್ಮಗಳ ಬೈಠಕ್ಕುಗಳು ನಡೆಯುತ್ತಿದ್ದ ಒಂದು ಮನೆಯಲ್ಲಿ. 1879ರಲ್ಲಿ ಅವರು ಬಾಂಬೆಗೆ ಬಂದಿಳಿದರು. 1882ರಲ್ಲಿ ಸೊಸೈಟಿಯ ಕೇಂದ್ರ ಮದ್ರಾಸಿನ ಅಡ್ಯಾರಿಗೆ ಹೋಯಿತು. ಇಂಥ ಘಟನೆಗಳನ್ನು ಪರೀಕ್ಷಿಸುವ ಲಂಡನ್ನಿನ ಸಂಶೋಧಕ ಸಂಸ್ಥೆಯಿಂದ ಬಂದ ರಿಚರ್ಡ್ ಹಾಡ್ಗ್‌ಸನ್ 1885ರ ವರದಿಯಲ್ಲಿ ಬ್ಲಾವಟ್‌ಸ್ಕಿಯ ಪವಾಡಗಳನ್ನು ಕಪಟವೆಂದು ತೀರ್ಮಾನಿಸಿದರು. ಅದರಿಂದ ಆಕರ್ಷಣೆ ಕುಗ್ಗಲಿಲ್ಲ. ಇಂಗ್ಲಿಷ್ ಕಲಿತವರ ಮನೆಗಳಲ್ಲಿ ಆತ್ಮಗಳ ಮಾತು ಬರೆಸುವ ಪ್ಲಾಂಚೆಟ್ ಹಲಗೆ ಆಟವಾಯಿತು, ಕೆಲವರಿಗೆ ಆಸರೆಯೂ ಆಯಿತು. ಮೈಸೂರಿನ ಆರ್.ಕೆ. ನಾರಾಯಣ್ ಅವರ ಮಡದಿ ರಾಜಂ 1939ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಮಗು ಇನ್ನೂ ಎಳೆಯದು. ಕಂಗೆಟ್ಟ ನಾರಾಯಣ್ ಮದ್ರಾಸಿನಲ್ಲಿ ಆತ್ಮಗಳಿಗೆ ಮಾಧ್ಯಮನಾಗಿದ್ದ ಒಬ್ಬರ ಎದುರು ಕೂತರು. ಪೆನ್ಸಿಲು ಕಾಗದದ ಮೇಲೆ ಓಡುತ್ತ ಮಡದಿಯ ಮಾತುಗಳನ್ನು ತಂದಿತೆಂದು ಅವರು ಆತ್ಮಕತೆಯಲ್ಲಿ ಬರೆದಿದ್ದಾರೆ. 1945ರ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯ ಎರಡನೆಯ ಭಾಗ ಅದೇ. ಅದರಲ್ಲಿ ಕಲ್ಪನೆ ಬಹಳ ಕಡಿಮೆ ಎಂದು ಅವರೇ ಹೇಳಿದ್ದಾರೆ. ರಾಜಂ ಬಂದರೋ ಇಲ್ಲವೋ ಎಂದು ವಾದ ಮಾಡುವ ಮನಸ್ಸು ನನಗಿಲ್ಲ. ಬರಹ ನಿಂತುಹೋಗಿದ್ದ ಲೇಖಕನಿಗೆ ಆ ಕಾಗದಗಳು ಬದುಕನ್ನು ಮರಳಿ ಕೊಟ್ಟವು.

ಆದರೆ ಇಲ್ಲಿ ಒಂದು ಅಸಮಾನತೆ ಕಾಣುತ್ತದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಓದಿದವರು ಮೇಜಿನ ಸುತ್ತ ಕೂತರೆ ಅದು ಪರಲೋಕ ವಿಜ್ಞಾನದ ಪ್ರಯೋಗ. ಧನಗರನೋ ದಲಿತ ಮಾಂಗನೋ ಬೆಟ್ಟದ ಮೇಲೆ ನಡುಗಿದರೆ ಅದು ಮೂಢನಂಬಿಕೆ. ಇಬ್ಬರ ಮೈಯಲ್ಲೂ ನಡೆದದ್ದು ಬೇರೆಯಲ್ಲ. ಬೇರೆ ಇದ್ದದ್ದು ಇಷ್ಟು: ಬೈಠಕ್ಕು ಮುಚ್ಚಿದ ಕೋಣೆಯಲ್ಲಿ ಒಂದು ಮನೆಯ ದುಃಖಕ್ಕೆ ನಡೆಯುತ್ತದೆ, ಜೇಜುರಿಯದು ಹಗಲು ಬೆಳಕಿನಲ್ಲಿ ಊರೆಲ್ಲದರ ಕಣ್ಣೆದುರು ನಡೆಯುತ್ತದೆ. ಅಲ್ಲಿ ತೀರಿಹೋದ ಒಬ್ಬರನ್ನು ಹೆಸರಿಟ್ಟು ಕರೆಯುತ್ತಾರೆ. ಇಲ್ಲಿ ಕರೆಯದೆ ಬರುವ ಸತ್ತವರಿಗೆ ಬಾಗಿಲಿಲ್ಲ, ದೇವರಿಗೆ ಮಾತ್ರ.

ಹಗಲು ಬೆಳಕಿನ ಜೇಜುರಿಗೂ ಒಂದು ಕತ್ತಲ ಪಾಲಿತ್ತು. ವಾಘ್ಯಾನ ಜೊತೆ ರಾತ್ರಿಯಿಡೀ ಜಾಗರಣದಲ್ಲಿ ಹಾಡುವವಳು ಮುರಳಿ. ಹರಕೆಯ ಹೆಸರಿನಲ್ಲಿ ಎಳೆಯ ಹುಡುಗಿಗೆ ಕವಡೆಯ ಸರ ಕಟ್ಟಿ, ಭಂಡಾರ ಹಚ್ಚಿ, ಖಂಡೋಬನಿಗೆ ಮದುವೆ ಮಾಡಿಕೊಡುತ್ತಿದ್ದರು. ದೇವರ ಹೆಂಡತಿಯೆಂದು ಕಾಲಿಗೆ ಬೀಳುತ್ತಿದ್ದ ಜನರೇ ಅವಳನ್ನು ಬಳಸಿಕೊಂಡರು. ಹುಡುಗಿಯರು ಹೆಚ್ಚಾಗಿ ಬಂದದ್ದು ದಲಿತ, ಬಡ ಮನೆಗಳಿಂದ. ಇದರ ವಿರುದ್ಧ ಮೊದಲು ಎದ್ದವರಲ್ಲಿ ಪುಣೆಯ ದಲಿತ ನಾಯಕ ಶಿವರಾಮ ಜಾನಬಾ ಕಾಂಬಳೆ ಒಬ್ಬರು. 1908ರಲ್ಲಿ ಅವರು ಆರಂಭಿಸಿದ 'ಸೋಮವಂಶೀಯ ಮಿತ್ರ' ಪತ್ರಿಕೆಯಲ್ಲಿ ಒಬ್ಬ ಮುರಳಿಯ ಪತ್ರವೇ ಅಚ್ಚಾಯಿತು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಕೂಡ ಈ ಪದ್ಧತಿಯ ವಿರುದ್ಧ ದುಡಿದರು. ಬಾಂಬೆ ಪ್ರಾಂತ್ಯದಲ್ಲಿ ಹೆಣ್ಣನ್ನು ದೇವರಿಗೆ ಒಪ್ಪಿಸುವುದನ್ನು ನಿಷೇಧಿಸಿದ ಕಾನೂನು ಬಂದದ್ದು 1934ರಲ್ಲಿ. ಕರ್ನಾಟಕದ ಕಾಯ್ದೆ 1982ರದು. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ದೊಡ್ಡ ಘಟನೆ ಆ ಪತ್ರವೇ. ಹುಟ್ಟಿದಂದಿನಿಂದ ದೇವರ ದನಿಗೆ ಮೈಯಾಗಬೇಕೆಂದು ಹೇಳಿಸಿಕೊಂಡವಳು, ಅಲ್ಲಿ ತನ್ನದೇ ಹೆಸರಿನಲ್ಲಿ, ತನ್ನದೇ ನೋವನ್ನು ಬರೆದಳು. ಕೋರಾ ಹ್ಯಾಚ್‌ಗೆ ಆತ್ಮದ ಮರೆ ಬೇಕಾಗಿತ್ತು. ಇವಳು ಆ ಮರೆಯನ್ನೂ ಸರಿಸಿದಳು.

ನಂಬಿಕೆಯ ಹೆಸರಿನ ಶೋಷಣೆಯ ವಿರುದ್ಧದ ಹೋರಾಟ ನಮ್ಮ ಕಾಲಕ್ಕೂ ಮುಂದುವರಿಯಿತು. ಪುಣೆಯಲ್ಲಿ 2013ರ ಆಗಸ್ಟ್ 20ರಂದು ಅಂಧಶ್ರದ್ಧಾ ನಿರ್ಮೂಲನ ಚಳವಳಿಯ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ಅವರು ವರ್ಷಗಟ್ಟಲೆ ಕೇಳುತ್ತಿದ್ದ ಮೂಢನಂಬಿಕೆ ವಿರೋಧಿ ಕಾನೂನು ಆ ಸಾವಿನ ನಂತರವೇ ಮಹಾರಾಷ್ಟ್ರದಲ್ಲಿ ಜಾರಿಯಾಯಿತು. ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮಹಾರಾಷ್ಟ್ರದ ಕಾನೂನನ್ನು ಓದಿದರೆ ಒಂದು ಗೆರೆ ಸ್ಪಷ್ಟ: ಯಾತ್ರೆ, ಪೂಜೆ, ಕೀರ್ತನೆ, ಹರಿಕಥೆಗೆ ಅದು ಅಡ್ಡಬರುವುದಿಲ್ಲ. ಮೈಮೇಲೆ ಶಕ್ತಿ ಬಂದಿದೆಯೆಂದು ಹೇಳಿ ಜನರನ್ನು ಹೆದರಿಸುವುದು, ಮಾತು ಕೇಳದಿದ್ದರೆ ಕೇಡಾಗುತ್ತದೆಂದು ಬೆದರಿಸುವುದು ಅಪರಾಧ. ಸೋಮವಾರದ ಅಮಾವಾಸ್ಯೆಯ ದಿನ ಪಲ್ಲಕ್ಕಿಯ ಹಿಂದೆ ನಡುಗುತ್ತ ನಡೆಯುವ ಹೆಂಗಸಿಗೆ ಈ ಕಾನೂನಿನಿಂದ ಯಾವ ತೊಂದರೆಯೂ ಇಲ್ಲ. ಅವಳನ್ನು ಕೋಣೆಯೊಳಗೆ ಕೂಡಿ, ದೆವ್ವ ಬಿಡಿಸುತ್ತೇನೆಂದು ಬೆತ್ತ ಎತ್ತುವವನಿಗೆ ಇದೆ. ಅಂಥದ್ದು ನಿಮ್ಮ ಊರಿನಲ್ಲಿ ನಡೆದರೆ ದೂರು ಕೊಡುವ ಜಾಗ ಪೊಲೀಸ್ ಠಾಣೆ.