ಇದು ಸಿಇಟಿ ಕೌನ್ಸೆಲಿಂಗ್ ಅಲ್ಲ



ವೀರನಹೊಸಹಳ್ಳಿ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಗಜಪಯಣ ತಾನೇ? ದಸರಾ ಆನೆಗಳಿಗೆ ಪೂಜೆ, ಮಂತ್ರಿಗಳಿಂದ ಪುಷ್ಪಾರ್ಚನೆ, ಅದರ ಸುತ್ತ ನಮ್ಮ ಚಾನೆಲ್‌ಗಳ ಕ್ಯಾಮೆರಾ. ಇಲ್ಲಾಂದ್ರೆ ನಾಗರಹೊಳೆ ಸಫಾರಿ. ಆನೆಗೂ ಹುಲಿಗೂ ಸಿಕ್ಕಷ್ಟು ಸುದ್ದಿ ಅಲ್ಲಿನ ಮನುಷ್ಯರಿಗೆ ಸಿಕ್ಕಿಲ್ಲ ಬಿಡಿ.

ಆ ಕಡೆಯ ಒಬ್ಬ ಹೆಣ್ಣುಮಗಳು ನನಗೆ ಪತ್ರ ಬರೆದಿದ್ದಾಳೆ. ಹೆಸರು ಹೇಳಬೇಡಿ ಅಂದಿದ್ದಾಳೆ, ಹೇಳಲ್ಲ. ಅಪ್ಪ ಹೊಗೆಸೊಪ್ಪು ಬೆಳೆಯುವ ರೈತ. ಈಕೆ ಹುಣಸೂರಿನಲ್ಲಿ ಡಿಗ್ರಿ ಮುಗಿಸಿ, ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೈಕಾಲಜಿ ಮಾಡಿದ್ದಾಳೆ. "ಸರ್, ನಮ್ಮ ಪಕ್ಕದ ಊರಲ್ಲಿ ಆನೆ ತುಳಿದು ಒಬ್ಬರು ಹೋದರು. ಅಧಿಕಾರಿಗಳು ಬಂದರು, ಟೀವಿಯವರು ಬಂದರು, ಪರಿಹಾರವೂ ಬಂತು. ಅವರ ಹೆಂಡತಿ ಎಂಟು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಯಾರೂ ಕೇಳಿಲ್ಲ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು. ಎಂ.ಫಿಲ್ ನಿಲ್ಲಿಸ್ತಾರಂತೆ. ಮನೇಲಿ ಒಂದು ವರ್ಷ ಟೈಮ್ ಕೊಟ್ಟಿದ್ದಾರೆ, ಆಮೇಲೆ ಮದುವೆ ಅಂತಾರೆ. ಎಲ್ಲಿ ಅರ್ಜಿ ಹಾಕಲಿ?"

ನಾನು ಇಂಜಿನಿಯರಿಂಗ್ ಓದಿದವನು. ನಮ್ಮ ಕಾಲದಲ್ಲಿ ಕೌನ್ಸೆಲಿಂಗ್ ಅಂದ್ರೆ ಒಂದೇ ಅರ್ಥ. ಸಿಇಟಿ ರ‍್ಯಾಂಕ್ ಹಿಡಿದು ಸೀಟು ಆರಿಸಿಕೊಳ್ಳೋದು. ಇವತ್ತಿಗೂ ಎಷ್ಟೋ ಅಪ್ಪ-ಅಮ್ಮಂದಿರಿಗೆ ಅಷ್ಟೇ ಅರ್ಥ. ಆ ವ್ಯವಸ್ಥೆಯನ್ನ ಎಷ್ಟೇ ಬೈದರೂ ಒಂದು ಮಾತು ಒಪ್ಪಬೇಕು: ಒಂದು ಪರೀಕ್ಷೆ, ಒಂದು ಪಟ್ಟಿ, ಒಂದು ಪ್ರಾಧಿಕಾರ. ಹಳ್ಳಿ ಹುಡುಗನಿಗೂ ದಾರಿ ಎಲ್ಲಿಂದ ಶುರು ಅಂತ ಗೊತ್ತಿರುತ್ತೆ. ಕ್ಲಿನಿಕಲ್ ಸೈಕಾಲಜಿಯಲ್ಲಿ ಹಾಗಿಲ್ಲ. ನಿಮ್ಹಾನ್ಸ್ ತನ್ನದೇ ಪ್ರವೇಶ ಪರೀಕ್ಷೆ ಮಾಡುತ್ತೆ. ಧಾರವಾಡದ ಡಿಮ್ಹಾನ್ಸ್‌ದು ಬೇರೆ ದಾರಿ. ಖಾಸಗಿ ವಿಶ್ವವಿದ್ಯಾಲಯಗಳದ್ದು ಇನ್ನೊಂದು. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ದಿನಾಂಕ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಸೀನಿಯರ್‌ಗಳನ್ನ ಕೇಳುವವರಿಗೆ ಸರಿ. ಹನಗೋಡಿನ ಬಸ್ ಕಾಯುವವಳಿಗೆ?

ಮೊದಲು ಗೊಂದಲ ಬಿಡಿಸೋಣ. ನಮ್ಮ ಸ್ಟುಡಿಯೋದಲ್ಲೇ ಈ ಗೊಂದಲ ಇದೆ. ಮನೋವೈದ್ಯರು, ಅಂದ್ರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದವರು. ಔಷಧಿ ಬರೆದು ಕೊಡೋರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಮತ್ತೆ ಎರಡು ವರ್ಷ ಪೂರ್ಣಾವಧಿ ಆಸ್ಪತ್ರೆಯಲ್ಲಿ, ಹಿರಿಯರ ಕಣ್ಣೆದುರಿಗೆ, ರೋಗಿಗಳ ಜೊತೆ ಕೂತು ಕಲಿತವರು. ರೋಗಿಯ ಕಥೆ ಪೂರ್ತಿ ಕೇಳಿ ಬರೆಯೋದು, ಬುದ್ಧಿಶಕ್ತಿ-ನೆನಪಿನಶಕ್ತಿಯ ಪರೀಕ್ಷೆ ಮಾಡೋದು, ಮಾತಿನ ಮೂಲಕ ಚಿಕಿತ್ಸೆ ಕೊಡೋದು, ಕೊನೆಗೊಂದು ಸಂಶೋಧನಾ ಪ್ರಬಂಧ. ಈ ಎರಡು ವರ್ಷದ ತರಬೇತಿಗೇ ಎಂ.ಫಿಲ್ ಅಂತ ಹೆಸರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಯಾರು ಅಂತ ವ್ಯಾಖ್ಯಾನವೇ ಇದೆ. ಅದರ ಪ್ರಕಾರ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತು, ಒಪ್ಪಿದ ಕೋರ್ಸ್ ಆಗಿರಬೇಕು.

ಹಾಗಾದ್ರೆ ಬೀದಿಗೊಂದು ಬೋರ್ಡ್ ಹಾಕ್ಕೊಂಡಿರೋರು? ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ, ಗೋಡೆ ಮೇಲೆ ಸರ್ಟಿಫಿಕೇಟು. 1992ರ ಆರ್‌ಸಿಐ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ದಂಡ ಎಷ್ಟು ಗೊತ್ತಾ? ಗರಿಷ್ಠ 1,000 ರೂಪಾಯಿ. ಒಂದು ಸಿಟ್ಟಿಂಗ್‌ಗೆ ಅದಕ್ಕಿಂತ ಜಾಸ್ತಿ ವಸೂಲಿ ಮಾಡೋರಿದ್ದಾರೆ!

ಈಗ ಆಕೆ ಕೇಳಿದ ಎಂ.ಫಿಲ್ ವಿಚಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್ ಬೇಡ ಅಂತು. 2022ರ ನವೆಂಬರ್‌ನಲ್ಲಿ ಯುಜಿಸಿ ನಿಯಮ ಬಂತು. 2023ರ ಡಿಸೆಂಬರ್ ಕೊನೆಗೆ ಯುಜಿಸಿ, ಎಂ.ಫಿಲ್‌ಗೆ ಯಾರೂ ಸೇರಬೇಡಿ, ಅದು ಮಾನ್ಯ ಪದವಿ ಅಲ್ಲ ಅಂತ ಎಚ್ಚರಿಕೆ ಕೊಟ್ಟಿತು. ಇತಿಹಾಸದಲ್ಲೋ ಅರ್ಥಶಾಸ್ತ್ರದಲ್ಲೋ ಎಂ.ಫಿಲ್ ಅಂದ್ರೆ ಪಿಎಚ್.ಡಿ.ಗೆ ಮೊದಲಿನ ಮೆಟ್ಟಿಲು. ಕ್ಲಿನಿಕಲ್ ಸೈಕಾಲಜಿಯಲ್ಲಿ ಅದು ಮೆಟ್ಟಿಲಲ್ಲ, ಬಾಗಿಲು. ಅದನ್ನು ದಾಟದೆ ವೃತ್ತಿಯೇ ಇಲ್ಲ. ಹೆಸರೊಂದೇ ಅಂತ ಎರಡನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸಿದರು. ವಿರೋಧ ಬಂದ ಮೇಲೆ, 2024ರ ಜನವರಿಯಲ್ಲಿ, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟರು. ಆರ್‌ಸಿಐ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. ಥರದ ಕೋರ್ಸುಗಳ ಕಡೆ ಹೊರಳಿದೆ. ಎಂ.ಎಸ್ಸಿ.ಗೆ ಈಗಾಗಲೇ ಎರಡು ವರ್ಷ ಕೊಟ್ಟು ಕೂತವಳು ಮತ್ತೆ ಇನ್ನೊಂದು ಎಂ.ಎ. ಮಾಡಬೇಕಾ? ಇದನ್ನ ಮನೆಯಲ್ಲಿ ಹೇಗೆ ಹೇಳ್ತಾಳೆ? ನೀತಿ ಮಾಡಿದವರು ಅವಳ ಅಪ್ಪನ ಮುಂದೆ ಕೂತು ಒಂದ್ಸಲ ವಿವರಿಸಲಿ.

ವಿಚಿತ್ರ ನೋಡಿ, ಈ ವಿದ್ಯೆ ನಮಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಯ್ತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್‌ನಲ್ಲಿ ಓದಿ ಬಂದವರು. ಅದೇ ಮಹಾನುಭಾವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು. ಅದರ ಹೆಸರು 'ಆಕಾಶವಾಣಿ'. ಇಡೀ ದೇಶದ ರೇಡಿಯೋಗೆ ಆಮೇಲೆ ಅದೇ ಹೆಸರಾಯ್ತು. ಮೈಕ್ ಮುಂದೆ ಕೂತು ಹೊಟ್ಟೆ ಹೊರೆಯುವ ನಾವೆಲ್ಲ ಒಬ್ಬ ಸೈಕಾಲಜಿ ಮೇಷ್ಟ್ರ ಋಣದಲ್ಲಿದ್ದೀವಿ! 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಅಲ್ಲಿನ ಡಿಪ್ಲೊಮಾವೇ ಬೆಳೆದು ಇವತ್ತಿನ ಎಂ.ಫಿಲ್ ಆಗಿದ್ದು. 1974ರಲ್ಲಿ ಆ ಸಂಸ್ಥೆಯೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯ್ತು. ಮಕ್ಕಳ ಬುದ್ಧಿಶಕ್ತಿ ಅಳೆಯುವ ಬಿನೆ-ಕಾಮತ್ ಪರೀಕ್ಷೆ ಇದೆಯಲ್ಲ, ವಿ.ವಿ. ಕಾಮತ್ ಅದನ್ನ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಂತಲೇ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ತೊಂಬತ್ತು ವರ್ಷದ ಹಿಂದೆ ಕನ್ನಡದ ಮಗುವನ್ನ ಕನ್ನಡದಲ್ಲೇ ಅಳೆಯಬೇಕು ಅಂತ ಒಬ್ಬರಿಗೆ ಅನ್ನಿಸಿತ್ತು!

ಇವತ್ತು ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಇರಲಿ, ವಿಜ್ಞಾನಕ್ಕೆ ಇಂಗ್ಲಿಷ್ ಬೇಕು, ನಾನೂ ಹಾಗೇ ಓದಿದ್ದು. ಆದ್ರೆ ನಾನು ಓದಿದ ಯಂತ್ರಕ್ಕೆ ಭಾಷೆ ಇರಲಿಲ್ಲ. ರೋಗಿಗೆ ಇದೆ. 'ಎದೆ ಉರಿ', 'ಜೀವ ತಡೀತಿಲ್ಲ', 'ಯಾಕೋ ಏನೂ ಬ್ಯಾಡ ಅನ್ಸತ್ತೆ' ಅಂತ ಹುಣಸೂರಿನ ಹೆಂಗಸು ಹೇಳಿದಾಗ ಅದು ಗ್ಯಾಸ್ಟ್ರಿಕ್ಕೋ ಖಿನ್ನತೆಯೋ ಅಂತ ಕಿವಿಗೇ ತಿಳೀಬೇಕು. ನಾಗರಹೊಳೆ ಕಾಡಿನೊಳಗಿಂದ ಎಬ್ಬಿಸಿ ನಾಗಾಪುರದಲ್ಲಿ ನೆಲೆ ಕೊಟ್ಟ ಜೇನುಕುರುಬರ ದುಃಖ ಕೇಳೋಕೆ ಅವರ ನುಡಿಯೂ ಸ್ವಲ್ಪ ಬರಬೇಕು. ಪತ್ರ ಬರೆದ ಈ ಹುಡುಗಿಗೆ ಇಂಗ್ಲಿಷ್ ತೊಡರಬಹುದು, ಈ ಮಾತು ತೊಡರಲ್ಲ. ಇದಕ್ಕೆ ಯಾವ ಪರೀಕ್ಷೆಯಲ್ಲಿ ಅಂಕ ಇದೆ ಹೇಳಿ?

ನಿಮ್ಹಾನ್ಸ್‌ನವರೇ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಷ್ಟು ದೊಡ್ಡ ಕೊರತೆ ಇಟ್ಟುಕೊಂಡು ಇರುವ ಬಾಗಿಲನ್ನ ಮುಚ್ಚಿ, ಹೊಸ ಬಾಗಿಲು ಆಮೇಲೆ ಇಡ್ತೀವಿ ಅಂತಾರಲ್ಲ, ಮನೆ ಕಟ್ಟುವ ಯಾವ ಮೇಸ್ತ್ರಿಯೂ ಹಾಗೆ ಮಾಡಲ್ಲ.

ಇನ್ನು ತಂಗಿ, ನಿನಗೆ. ಎಂ.ಫಿಲ್‌ಗೆ ಸಾಮಾನ್ಯವಾಗಿ ಸ್ನಾತಕೋತ್ತರದಲ್ಲಿ ಶೇ. 55 ಕೇಳ್ತಾರೆ, ಮೀಸಲಾತಿ ಇದ್ದವರಿಗೆ ರಿಯಾಯಿತಿ ಇದೆ. ಮೊದಲು ಸರ್ಕಾರಿ ಸಂಸ್ಥೆಗಳಿಗೆ ಹಾಕು. ಖಾಸಗಿಯಲ್ಲಿ ಶುಲ್ಕ ಲಕ್ಷದ ಲೆಕ್ಕ, ಹೊಗೆಸೊಪ್ಪಿನ ಹರಾಜಿನ ದುಡ್ಡು ನಂಬಿ ಅಪ್ಪ ಸಾಲ ಮಾಡೋ ಹಾಗಾಗಬಾರದು. ಎಲ್ಲೇ ಸೇರಲಿ, ದುಡ್ಡು ಕಟ್ಟುವ ಮೊದಲು ಆ ಕಾಲೇಜಿನ ಹೆಸರು, ಆ ಕೋರ್ಸು, ಆ ವರ್ಷ, ಮೂರೂ ಆರ್‌ಸಿಐ ಪಟ್ಟಿಯಲ್ಲಿ ಇದೆಯಾ ಅಂತ ನೋಡು. ಹೋದ ವರ್ಷ ಮಾನ್ಯತೆ ಇತ್ತು ಅನ್ನೋ ಮಾತಿಗೆ ಬೆಲೆ ಇಲ್ಲ. ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ. ಒಂದು ದಿನ ಹೋಗಿ ಅಲ್ಲಿ ಕೆಲಸ ಮಾಡೋರನ್ನ ಮಾತಾಡಿಸು. ಜಾಹೀರಾತಿನಲ್ಲಿ ಇಲ್ಲದ ಸಂಗತಿ ಅವರು ಹೇಳ್ತಾರೆ.

ಮನೆಯವರಿಗೆ ನನ್ನದೊಂದು ಮಾತು. ಯಜಮಾನರೇ, ಗಂಡುಮಗ ಇಂಜಿನಿಯರಿಂಗ್‌ನಲ್ಲಿ ಬ್ಯಾಕ್‌ಲಾಗ್ ಇಟ್ಟುಕೊಂಡು ಆರು ವರ್ಷ ಓದಿದರೂ ನಾವು ಸುಮ್ಮನಿರ್ತೀವಿ. ಈಕೆ ಒಂದು ವರ್ಷ ಅಲ್ಲ, ಮೂರು ವರ್ಷ ಕೇಳ್ತಿದ್ದಾಳೆ: ಪರೀಕ್ಷೆಗೆ ಒಂದು, ತರಬೇತಿಗೆ ಎರಡು.

ಅಂದ ಹಾಗೆ ಪಕ್ಕದ ಊರಿನ ಆ ಹೆಣ್ಣುಮಗಳು ಇವಳು ಓದಿ ಬರೋವರೆಗೆ ಕಾಯಬೇಕಾಗಿಲ್ಲ. 14416, ಟೆಲಿ-ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ತಂಗಿ, ನಾಳೆ ಅವರ ಮನೆಗೆ ಹೋಗಿ ನಂಬರ್ ಒತ್ತಿ ಫೋನ್ ಅವರ ಕೈಗೆ ಕೊಡು. ಅರ್ಜಿ ಸಂಜೆ ತುಂಬಿದರಾಯ್ತು.