ಕಾನೂನು ಶಾಲೆಯ ಬಾಗಿಲು ಯಾರಿಗೆ?

(ರಾಮನಗರದ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟು ಹತ್ತಿದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ನಾವೆಲ್ಲ ಬಲ್ಲೆವು. ಆದರೂ ರಾಮನಗರದ ರೀಲರಿಗೆ ಬರಬೇಕಾದ ಬಾಕಿ, ಚನ್ನಪಟ್ಟಣದ ಗೊಂಬೆ ಕೆಲಸಗಾರನ ಕೂಲಿ, ಕನಕಪುರ, ಮಾಗಡಿಗಳ ರೈತನ ಪಹಣಿ, ಎಲ್ಲವೂ ಕೊನೆಗೆ ವಕೀಲರ ಬಾಗಿಲಿಗೇ ಬರುತ್ತವೆ. ಆದ್ದರಿಂದ ವಕೀಲರನ್ನು ತಯಾರುಮಾಡುವ ಶಾಲೆಯ ವಿಚಾರ ನಮ್ಮದೇ ವಿಚಾರ.

ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಬೆಂಗಳೂರಿನ ನಾಗರಭಾವಿಯಲ್ಲಿ, ರಾಷ್ಟ್ರೀಯ ಕಾನೂನು ಶಾಲೆಯಿದೆ. ನಮ್ಮ ವಿಧಾನಮಂಡಲದ 1986ರ ಕಾಯಿದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಅದು. 1988ರಲ್ಲಿ ಮಾಧವ ಮೆನನ್ನರ ನೇತೃತ್ವದಲ್ಲಿ ಪಾಠ ಆರಂಭವಾಯಿತು. ಅಲ್ಲಿನ ಐದು ವರ್ಷದ ಕಾನೂನು ಪದವಿಯ ಮಾದರಿಯನ್ನು ಇತರ ರಾಜ್ಯಗಳೂ ಹಿಡಿದವು. ಇದು ನಮಗೆ ಹೆಮ್ಮೆ.

ಆದರೆ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ. ವರ್ಷದ ಶುಲ್ಕ ಲಕ್ಷಗಳಲ್ಲಿ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡಾ 25 ಸ್ಥಾನ ಕೊಡುವ 2020ರ ತಿದ್ದುಪಡಿಯನ್ನು ಹೈಕೋರ್ಟು ಅದೇ ವರ್ಷ ರದ್ದುಮಾಡಿತು. 2021ರಲ್ಲಿ ಶಾಲೆಯೇ ಮುಂದೆ ಬಂದು ಆ ಮೀಸಲಾತಿ ತಂದಿತು. ಬಾಗಿಲು ತೆರೆಯಿತು, ಸರಿ. ಕೂಲಿಯವನ ಮಗು ಆ ಮೆಟ್ಟಿಲು ಹತ್ತುವುದು ಹೇಗೆ?

ನಮ್ಮ ಬೇಡಿಕೆ ಎರಡು: ತಾಲ್ಲೂಕು ಕೇಂದ್ರಗಳಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಉಚಿತ ತರಬೇತಿ, ಬಡವರಿಗೆ ಪೂರ್ಣ ವಿದ್ಯಾರ್ಥಿವೇತನ.

ಅಲ್ಲಿಯವರೆಗೆ ಇದು ನೆನಪಿರಲಿ: 1987ರ ಕಾನೂನು ಸೇವಾ ಕಾಯಿದೆಯಂತೆ ಕಾರ್ಖಾನೆಯ ಕಾರ್ಮಿಕನಿಗೂ ಎಲ್ಲ ಮಹಿಳೆಯರಿಗೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಅದನ್ನು ಕೇಳಿ ಪಡೆಯೋಣ.

ನಮ್ಮ ಬೀದಿಯ ಹುಡುಗಿ ಆ ಶಾಲೆಯಲ್ಲಿ ಓದಿ, ರಾಮನಗರದ ಕೋರ್ಟಿನಲ್ಲಿ ನಮ್ಮ ಪರ ನಿಂತ ದಿನ 1986ರ ಕಾಯಿದೆ ಸಾರ್ಥಕ.